ಉಗುರು ಬೆಕ್ಕಿನದು, ಸೋಫಾ ನಮ್ಮದು

ನಮ್ಮೂರು ಕಿನ್ನಾಳದಲ್ಲಿ ಬೆಕ್ಕಿನ ಉಗುರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಜೋಳದ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಅದು ಸಾಕಿದ್ದೋ ತಾನಾಗಿ ಬಂದು ಉಳಿದದ್ದೋ ಎಂಬ ಲೆಕ್ಕ ಯಾರೂ ಇಡುವುದಿಲ್ಲ. ಹಗಲು ಮಾಳಿಗೆಯ ಮೇಲೆ ಮಲಗಿ, ರಾತ್ರಿ ಓಣಿ ಸುತ್ತಿ, ನಾಯಿ ಬೆನ್ನು ಹತ್ತಿದಾಗ ಬೇವಿನ ಮರ ಏರಿ ಕೂರುವ ಪ್ರಾಣಿಗೆ ಉಗುರು ಇರಲೇಬೇಕು. ಮಗ್ಗ ಇರುವ ಮನೆಯವರಷ್ಟೇ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಗಿದ ಹಾಸಿನ ಮೇಲೆ ಬೆಕ್ಕು ಒಮ್ಮೆ ಹಾರಿತೆಂದರೆ ಹರಿದ ಎಳೆ ಹುಡುಕಿ ಗಂಟು ಹಾಕುವುದರಲ್ಲೇ ಹೊತ್ತು ಮುಳುಗುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ, ಬಾಗಿಲು ಹಾಕುವುದು.

ಪ್ರಶ್ನೆ ಬಂದದ್ದು ಬೆಂಗಳೂರಿನಿಂದ, ಫೋನಿನಲ್ಲಿ.

"ಕಾಕಾ, ಹೊಸಾ ಸೋಫಾ ಪೂರಾ ಹರದು ಹಾಕೈತಿ. ಇದರ ಉಗುರು ತಗಿಸಿಬಿಡ್ಲೇನು?"

ಕೇಳಿದವಳು ಅಣ್ಣನ ಮಗಳು. ಬೀದಿಯಲ್ಲಿ ಸಿಕ್ಕ ಮರಿಯೊಂದನ್ನು ಫ್ಲ್ಯಾಟಿನಲ್ಲಿ ಸಾಕಿದ್ದಾಳೆ. ಅದಕ್ಕೆ ಹೊರಗೆ ಹೋಗುವ ದಾರಿಯೂ ಇಲ್ಲ, ಏರುವುದಕ್ಕೆ ಮರವೂ ಇಲ್ಲ. ಅಮೆರಿಕದಲ್ಲಿ ಕೆಲ ವರ್ಷ ಇದ್ದು ಬಂದ ಗೆಳತಿಯೊಬ್ಬಳು, ಅಲ್ಲಿ ಉಗುರು ತೆಗೆಸುವುದು ಮಾಮೂಲು, ಒಂದು ಸಣ್ಣ ಆಪರೇಷನ್ ಅಷ್ಟೇ ಎಂದಿದ್ದಳಂತೆ. ಇವಳು ಅದನ್ನು ಒಮ್ಮೆ ಕತ್ತರಿಸಿದರೆ ಮತ್ತೆ ಬೆಳೆಯದಂಥ ಉಗುರು ಕತ್ತರಿಕೆ ಎಂದೇ ತಿಳಿದಿದ್ದಳು. ನಮ್ಮ ಮನೆಯಲ್ಲೂ ಯಾರಿಗೂ ಬೇರೆ ಗೊತ್ತಿರಲಿಲ್ಲ.

ಅವಳು ಬೆಕ್ಕನ್ನು ಒಯ್ದು ತೋರಿಸಿದ ಪಶುವೈದ್ಯರು "ಅದು ಆಗೋದಿಲ್ಲಮ್ಮ" ಎಂದು ಚೀಟಿಯ ಹಿಂಬದಿಯಲ್ಲಿ ಬೆರಳೊಂದರ ಚಿತ್ರ ಬರೆದು ಕೊಟ್ಟರು. ಆ ಚೀಟಿಯನ್ನು ಅವಳು ಊರಿಗೆ ತಂದಾಗ ನಾನೂ ನೋಡಿದೆ. ಬೆಕ್ಕಿನ ಬೆರಳಿನ ಕೊನೆಯ ಪುಟ್ಟ ಮೂಳೆಯಿಂದಲೇ ಉಗುರು ಬೆಳೆಯುತ್ತದೆ. ಉಗುರನ್ನಷ್ಟೇ ಕಿತ್ತರೆ ಮತ್ತೆ ಬರುತ್ತದೆ. ಬಾರದಂತೆ ಮಾಡಬೇಕಾದರೆ ಆ ಮೂಳೆಯನ್ನೇ ಕೀಲಿನ ಹತ್ತಿರ ಕತ್ತರಿಸಿ ತೆಗೆಯಬೇಕು. ಮನುಷ್ಯರ ಲೆಕ್ಕದಲ್ಲಿ ಹೇಳುವುದಾದರೆ, ಹತ್ತೂ ಬೆರಳನ್ನು ಕೊನೆಯ ಗಿಣ್ಣಿಗೆ ತುಂಡರಿಸಿದಂತೆ. ಮುಂಗಾಲುಗಳಿಗೆ ಮಾತ್ರ ಮಾಡಿದರೆ 10 ತುಂಡು, ನಾಲ್ಕೂ ಕಾಲಿಗೆ ಮಾಡಿದರೆ 18. ಚೀಟಿಯಲ್ಲಿ ವೈದ್ಯರು ಗೀಟು ಎಳೆದದ್ದು ಉಗುರಿನ ಮೇಲಲ್ಲ, ಅದರ ಹಿಂದಿನ ಕೀಲಿನ ಮೇಲೆ. ಇಡೀ ವಿಷಯ ಆ ಒಂದು ಗೀಟಿನಲ್ಲಿ ಮನೆಮಂದಿಗೆಲ್ಲ ತಿಳಿಯಿತು.

ಬೆಕ್ಕು ಅಂಗಾಲು ಊರಿ ನಡೆಯುವ ಪ್ರಾಣಿಯಲ್ಲ, ಬೆರಳ ಮೇಲೆ ನಡೆಯುವಂಥದ್ದು. ಬೆರಳ ತುದಿ ಹೋದರೆ ಮೈಭಾರ ಬೀಳುವ ಜಾಗ ಬದಲಾಗುತ್ತದೆ. ಅದರ ಹೊರೆ ಬೆನ್ನಿಗೂ ಮುಟ್ಟುತ್ತದೆ. 'ಜರ್ನಲ್ ಆಫ್ ಫಿಲೈನ್ ಮೆಡಿಸಿನ್ ಅಂಡ್ ಸರ್ಜರಿ'ಯಲ್ಲಿ 2018ರಲ್ಲಿ ಅಚ್ಚಾದ ಅಧ್ಯಯನವೊಂದು 274 ಬೆಕ್ಕುಗಳನ್ನು ನೋಡಿತು. ಅರ್ಧ ಉಗುರು ತೆಗೆಸಿದವು, ಅರ್ಧ ಉಗುರಿದ್ದವು. ಉಗುರು ತೆಗೆಸಿದವುಗಳಲ್ಲಿ ಶೇಕಡಾ 63ರಷ್ಟು ಬೆಕ್ಕುಗಳ ಕಾಲಿನಲ್ಲಿ ಮೂಳೆಯ ಚೂರು ಉಳಿದುಹೋಗಿತ್ತು. ಬೆನ್ನುನೋವು, ಕಚ್ಚುವ ಚಾಳಿ, ಮನೆಯಲ್ಲಿ ಕಂಡಕಂಡಲ್ಲಿ ಗಲೀಜು ಮಾಡುವುದು, ಇವೆಲ್ಲ ಅವುಗಳಲ್ಲೇ ಹೆಚ್ಚು. ಕಾಲು ನೋಯುವ ಬೆಕ್ಕಿಗೆ ತಟ್ಟೆಯ ಮರಳನ್ನು ಕೆದಕುವುದೂ ಕಷ್ಟ. ಅದಕ್ಕೆ ಮೆತ್ತನೆಯ ಜಾಗ ಬೇಕು. ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದು ಯಾವುದು ಹೇಳಿ? ಸೋಫಾ ಉಳಿಸಿಕೊಳ್ಳಲು ಮಾಡಿಸಿದ ಆಪರೇಷನ್ ಸೋಫಾದ ಮೇಲೆಯೇ ಬಂದು ಕೂರುತ್ತದೆ.

ಗೆಳತಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅಮೆರಿಕದಲ್ಲಿ ಇದು ದಶಕಗಳ ಕಾಲ ಮಾಮೂಲೇ ಆಗಿತ್ತು. ಸಂತಾನಹರಣದ ಜೊತೆಗೇ ಇದನ್ನೂ ಮುಗಿಸಿ ಕಳಿಸುತ್ತಿದ್ದರು. ಆದರೆ ಗಾಳಿ ತಿರುಗಿ ಬಹಳ ದಿನವಾಯಿತು. 2003ರಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟ್ ಹಾಲಿವುಡ್ ಎಂಬ ಪುಟ್ಟ ನಗರ ನಿಷೇಧ ಹೇರಿತು. 2019ರ ಜುಲೈನಲ್ಲಿ ನ್ಯೂಯಾರ್ಕ್, ಇಡೀ ರಾಜ್ಯಕ್ಕೇ ನಿಷೇಧ ತಂದ ಮೊದಲ ಅಮೆರಿಕನ್ ರಾಜ್ಯವಾಯಿತು. 2022ರಲ್ಲಿ ಮೇರಿಲ್ಯಾಂಡ್, 2025ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ಅದೇ ದಾರಿ ಹಿಡಿದವು. ಯುರೋಪು ಇದಕ್ಕೆ ಮೊದಲೇ ಬೇಡ ಎಂದಿತ್ತು: ಸಾಕುಪ್ರಾಣಿಗಳ ರಕ್ಷಣೆಯ 1987ರ ಯುರೋಪಿಯನ್ ಒಪ್ಪಂದದಲ್ಲೇ ಉಗುರು ತೆಗೆಸುವುದಕ್ಕೆ ತಡೆ ಇದೆ. ಇಸ್ರೇಲ್ ಕಾನೂನು ಮಾಡಿದ್ದು 2011ರಲ್ಲಿ.

ಅಮೆರಿಕದಲ್ಲಿ ಬಾಡಿಗೆ ಮನೆಯಲ್ಲಿದ್ದ ನಮ್ಮವರಿಗೆ ಇನ್ನೊಂದು ತೊಡಕಿತ್ತು. ಬೆಕ್ಕು ಇಟ್ಟುಕೊಳ್ಳಿ, ಆದರೆ ಉಗುರು ತೆಗೆಸಿದ ಬೆಕ್ಕು ಮಾತ್ರ ಎಂದು ಕರಾರಿನಲ್ಲೇ ಬರೆಸುವ ಮಾಲೀಕರಿದ್ದರು. ಹಾಗೆ ಬರೆಸಕೂಡದು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಜಾರಿಯಲ್ಲಿದೆ. ನೆಲದ ಕಾರ್ಪೆಟ್ಟಿಗಾಗಿ ಪ್ರಾಣಿಯ ಬೆರಳು ಕೇಳುವ ಕರಾರು ಎಷ್ಟು ಮನೆಗಳಲ್ಲಿ ನಡೆದಿರಬೇಕು, ಅದನ್ನು ತಡೆಯುವುದಕ್ಕೆ ಕಾನೂನೇ ಬೇಕಾಯಿತೆಂದರೆ!

ನಮ್ಮ ಕಾನೂನಿನ ಕತೆ ಬೇರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮು ಪ್ರಾಣಿಯನ್ನು ಅಂಗಹೀನ ಮಾಡುವುದನ್ನು ಅಪರಾಧವೆಂದೇ ಎಣಿಸುತ್ತದೆ. ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಚುಚ್ಚುವುದು ಇವಕ್ಕೆ ನಿಗದಿತ ರೀತಿಯಲ್ಲಿ ಮಾಡಿದರೆ ವಿನಾಯಿತಿ ಇದೆ. ಎತ್ತು, ಹೋರಿ ಕಟ್ಟುವ ರೈತನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪಟ್ಟಿ ಅದು. ಬೆಕ್ಕಿನ ಉಗುರು ಅದರಲ್ಲಿಲ್ಲ. ಇನ್ನು ದಂಡ: ಮೊದಲ ಸಲದ ತಪ್ಪಿಗೆ 10 ರೂಪಾಯಿಯಿಂದ 50 ರೂಪಾಯಿ. ಅದನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಹೊರಡಿಸಿತ್ತು.

ಹೊಳೆಯಾಚೆಯ ಹಂಪಿಯಲ್ಲಿ ನಡೆಯಿತೆಂದು ಹೇಳುವ ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಈ ಭಾಗದ ಹುಡುಗರಿಗೆಲ್ಲ ಬಾಯಿಪಾಠ. ಇಲಿ ಕಾಟಕ್ಕೆಂದು ಅರಸ ಮನೆಮನೆಗೆ ಬೆಕ್ಕು ಕೊಟ್ಟ, ಅದರ ಹಾಲಿಗೆ ಆಕಳೂ ಕೊಟ್ಟ; ರಾಮಕೃಷ್ಣ ಬಿಸಿ ಹಾಲಿಟ್ಟು ಬೆಕ್ಕಿನ ಮೂತಿ ಸುಟ್ಟು, ಹಾಲನ್ನೆಲ್ಲ ತಾನೇ ಕುಡಿದ. ಎಲ್ಲರೂ ನಗುವ ಕತೆ. ಆ ಚೀಟಿ ನೋಡಿದ ಮೇಲೆ ಅಣ್ಣನ ಮಗಳಿಗೆ ಅದರಲ್ಲಿ ನಗು ಕಾಣಲಿಲ್ಲವಂತೆ. ನನಗೇನೋ ಈಗಲೂ ನಗು ಬರುತ್ತದೆ, ಆದರೆ ಪೂರ್ತಿ ಅಲ್ಲ.

ಹಾಗಾದರೆ ಸೋಫಾದ ಗತಿ? ಅದಕ್ಕೆ ಉತ್ತರ ಸಿಕ್ಕಿದ್ದು ಯುಗಾದಿಗೆ ಅವಳು ಬೆಕ್ಕನ್ನೂ ಬುಟ್ಟಿಯಲ್ಲಿ ಕಟ್ಟಿಕೊಂಡು ಕಿನ್ನಾಳಕ್ಕೆ ಬಂದಾಗ. ನೆರೆಯ ಚಿತ್ರಗಾರರ ಅಂಗಳದಲ್ಲಿ ಗೊಂಬೆಗೆಂದು ತಂದ ಕಟ್ಟಿಗೆ ಒಟ್ಟಿರುತ್ತದೆ. ಕಿನ್ನಾಳದ ಗೊಂಬೆ ಹಗುರ. ಉಳಿ ತಾಗಿದರೆ ಸಲೀಸಾಗಿ ಬಿಡುವ ಮೆತ್ತನೆಯ ಮರದಲ್ಲಿ ಅದರ ಕೈಕಾಲು, ಮೈ ಬೇರೆ ಬೇರೆ ಕಡೆದು ಅಂಟಿಸುತ್ತಾರೆ. ಆ ಬೆಸುಗೆ ಕಾಣದಂತೆ ಸೆಣಬಿನ ಚೂರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ 'ಕಿಟ್ಟ' ಮೆತ್ತಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಬಣ್ಣ ಹಚ್ಚುತ್ತಾರೆ. ವಿರೂಪಾಕ್ಷನ ಗುಡಿಯ ಮೇಲ್ಛಾವಣಿಯ ಚಿತ್ರಗಳನ್ನು ಬರೆದವರು ಇವರ ಹಿರಿಯರು ಎಂಬುದು ಊರಿನ ಹೆಮ್ಮೆಯ ಮಾತು. ಬೆಂಗಳೂರಿನ ಬೆಕ್ಕಿಗೆ ಇದಾವುದೂ ಬೇಕಿರಲಿಲ್ಲ. ಬಣ್ಣದ ಗರುಡನ ಮುಂದೆ ಹಾದು, ಇನ್ನೂ ಉಳಿ ಕಾಣದ ಒಂದು ದಿಮ್ಮಿಯ ಹತ್ತಿರ ಹೋಗಿ, ಹಿಂಗಾಲ ಮೇಲೆ ನಿಂತು, ಮೈಯನ್ನು ಉದ್ದಕ್ಕೆ ಎಳೆದು ಕೆರೆಯತೊಡಗಿತು.

"ಯಾವ ಕಟಗಿ ಮೆತ್ತಗೈತಿ ಅಂತ ಅದಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ ನೋಡ್ರಿ," ಎಂದರು ಚಿತ್ರಗಾರರು.

ಬೆಕ್ಕು ಹೋದ ಮೇಲೆ ದಿಮ್ಮಿಯ ಗೀರುಗಳಲ್ಲಿ ಸಿಕ್ಕಿಕೊಂಡಿದ್ದ ಒಂದು ವಸ್ತುವನ್ನು ಅವರು ಅಂಗೈಯಲ್ಲಿಟ್ಟು ತೋರಿಸಿದರು. ಪಾರದರ್ಶಕವಾದ, ಒಳಗೆ ಟೊಳ್ಳಾದ, ಉಗುರಿನದೇ ಆಕಾರದ ಸಿಪ್ಪೆ. ಬೆಕ್ಕಿನ ಉಗುರು ಪದರ ಪದರವಾಗಿ ಬೆಳೆಯುತ್ತದೆ. ಮೇಲಿನ ಹಳೆಯ ಪದರ ಕಳಚಿದರೆ ಕೆಳಗಿನ ಚೂಪು ಹೊರಗೆ ಬರುತ್ತದೆ. ಕೆರೆಯುವುದು ಅದಕ್ಕಾಗಿ. ನಿದ್ದೆಯಿಂದ ಎದ್ದಾಗ ಬೆನ್ನು, ಭುಜ ಸಡಿಲಿಸಲಿಕ್ಕೂ ಅದೇ ಕೆಲಸ. ಪಾದದ ಗ್ರಂಥಿಗಳ ವಾಸನೆ ಬಿಟ್ಟು 'ಇದು ನನ್ನ ಜಾಗ' ಎಂದು ಹೇಳಲಿಕ್ಕೂ ಅದೇ. ಬೈದರೆ, ನೀರು ಚಿಮುಕಿಸಿದರೆ ಬೆಕ್ಕು ಇದನ್ನು ಬಿಡುವುದಿಲ್ಲ. ನೀವಿಲ್ಲದ ಹೊತ್ತು ನೋಡಿ ಮಾಡುತ್ತದೆ.

ಆ ದಿಮ್ಮಿಯನ್ನೇ ಅವರು ಅಗಲವಾದ ಹಲಗೆಗೆ ಬಿಗಿದು ಕೊಟ್ಟರು. ಅರ್ಧಕ್ಕೆ ಗೋಣಿತಟ್ಟು ಸುತ್ತಿ ಮೊಳೆ ಹೊಡೆಯುವುದು ನನ್ನ ಪಾಲಿಗೆ ಬಂತು. ಪೇಟೆಯಲ್ಲಿ ಇಂಥದ್ದಕ್ಕೆ ಹಗ್ಗ ಸುತ್ತಿದ ಕಂಬ ಸಿಗುತ್ತದೆ, ಆದರೆ ಬಹಳಷ್ಟು ಗಿಡ್ಡ, ಮುಟ್ಟಿದರೆ ಅಲುಗಾಡುತ್ತವೆ. ಅಲುಗಿದ ಕಂಬದ ಹತ್ತಿರ ಬೆಕ್ಕು ಎರಡನೇ ಸಲ ಸುಳಿಯುವುದಿಲ್ಲ. ಮೈ ಪೂರ್ತಿ ಚಾಚುವಷ್ಟು ಎತ್ತರ ಬೇಕು, ಅಂದರೆ ಮೂರು ಅಡಿಯ ಆಸುಪಾಸು. ಇಡುವ ಜಾಗವೂ ಮುಖ್ಯ. ಅಣ್ಣನ ಮಗಳು ಮೊದಲು ಅಂದಗೇಡು ಎಂದು ಬಾಲ್ಕನಿಗೆ ಸಾಗಿಸಿದ್ದಳು. ಬೆಕ್ಕು ಅತ್ತ ತಿರುಗಿಯೂ ನೋಡಲಿಲ್ಲ. ಸೋಫಾದ ಹರಿದ ಮೂಲೆಗೇ ತಾಗಿಸಿ ಇಟ್ಟು, ಆ ಮೂಲೆಗೆ ಎರಡೂ ಬದಿ ಅಂಟುವ ಟೇಪು ಹಚ್ಚಿದ ಮೇಲೆ ದಾರಿಗೆ ಬಂತು. ಅಂಗಾಲಿಗೆ ಅಂಟು ತಾಗುವುದನ್ನು ಬೆಕ್ಕು ಸಹಿಸುವುದಿಲ್ಲ.

ಉಗುರು ಕತ್ತರಿಸುವುದನ್ನೂ ಅವಳು ಕಲಿತಳು. ಬೆರಳ ಮೆತ್ತೆಯನ್ನು ಮೇಲೆ ಕೆಳಗೆ ಮೆಲ್ಲಗೆ ಒತ್ತಿದರೆ ಒರೆಯೊಳಗಿನ ಉಗುರು ಹೊರಬರುತ್ತದೆ. ಬೆಳಕಿಗೆ ಹಿಡಿದರೆ ಬುಡದಲ್ಲಿ ನಸುಗೆಂಪು ಕಾಣುತ್ತದೆ. ಅಲ್ಲಿ ರಕ್ತನಾಳ, ನರ ಎರಡೂ ಇವೆ. ಅದರ ಮುಂದಿನ ಬಿಳಿ ಕೊಕ್ಕೆಯಷ್ಟೇ ಕತ್ತರಿಗೆ ಸಿಗಬೇಕು. ಎರಡು ಮೂರು ವಾರಕ್ಕೊಮ್ಮೆ, ಅದೂ ಬೆಕ್ಕು ತೂಕಡಿಸುವ ಹೊತ್ತಿಗೆ. ಒಂದೇ ಸಲಕ್ಕೆ ಎಲ್ಲ ಉಗುರನ್ನೂ ಮುಗಿಸಬೇಕೆಂಬ ಹಟ ಬೇಡ. ಕಿನ್ನಾಳದಲ್ಲಿ ಓಣಿ ಸುತ್ತುವ ಬೆಕ್ಕಿಗೆ ಮಾತ್ರ ಇದನ್ನು ಮಾಡಬಾರದು. ಮರ ಏರಲಾಗದೆ ನಾಯಿಯ ಬಾಯಿಗೆ ಬಿದ್ದೀತು.

ಊರಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ವಿಷಯಕ್ಕೆ. ಮಕ್ಕಳಿಗೆ ಬೆಕ್ಕು ಪರಚಿದರೆ ಅರಿಷಿಣವನ್ನೋ ಸುಣ್ಣವನ್ನೋ ಹಚ್ಚಿ ಸುಮ್ಮನಾಗುವ ರೂಢಿ ಇನ್ನೂ ಹೋಗಿಲ್ಲ. ರೇಬೀಸ್ ನಾಯಿಯಿಂದಷ್ಟೇ ಬರುವ ರೋಗವಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸುತ್ತಿದ್ದರೆ ಆತಂಕ ಬಹಳಷ್ಟು ಕಡಿಮೆ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ದಿಮ್ಮಿಯನ್ನು ಕಂಡ ಇನ್ನೂ ಮೂರು ಮನೆಯವರು ತಮಗೂ ಬೇಕೆಂದರಂತೆ. ಒಬ್ಬರಿಗೆ ಅದರ ಮೇಲೆ ಕಿನ್ನಾಳದ ಬಣ್ಣ, ಒಂದೆರಡು ಗಿಳಿ ಕೂಡ ಬೇಕಂತೆ. ಆ ಸುದ್ದಿ ಮುಟ್ಟಿಸಿದಾಗ ಚಿತ್ರಗಾರರು ಉಳಿ ಕೆಳಗಿಟ್ಟು ಯೋಚಿಸಿದರು.

"ಬಣ್ಣ ಬ್ಯಾಡ್ರಿ. ಬೆಕ್ಕು ಕೆರದು ಕೈ ನೆಕ್ಕತೈತಿ, ಹೊಟ್ಟಿಗೆ ಹೋದ್ರ? ಗಿಳಿ ಬೇಕಂದ್ರ ಬ್ಯಾರೆ ಮಾಡಿ ಕೊಡತೀನಿ, ಕಪಾಟಿನ್ಯಾಗ ಇಟ್ಗೊಳ್ಳಲಿ. ದಿಮ್ಮಿಗೆ ಕಟಗಿ ರೇಟು, ಗಿಳಿಗೆ ಗಿಳಿ ರೇಟು."