ಚೆನ್ನಾಗಿರುವಾಗಲೂ ಸ್ಕ್ಯಾನಿಂಗ್ ಏಕೆ?

ತಂದೆಯವರು ಕುಡಿತ ಬಿಟ್ಟು ಎರಡು ವರ್ಷವಾಯಿತು, ಊಟ-ನಿದ್ರೆ ಸರಿಯಾಗಿದೆ, ಆದರೂ ಸಿರೋಸಿಸ್‌ಗೆಂದು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಏಕೆ ಎಂದು ಕೇಳಿದ್ದೀರಿ. ಚೆನ್ನಾಗಿರುವಾಗಲೇ ಮಾಡಿಸಬೇಕು. ಕುಡಿತ ಬಿಟ್ಟರೆ ಲಿವರ್ ಕ್ಯಾನ್ಸರ್ ಅಪಾಯ ತಗ್ಗುತ್ತದೆ, ಆದರೆ ಸಿರೋಸಿಸ್‌ನಿಂದ ಗಂಟುಗಟ್ಟಿದ ಲಿವರ್‌ನಲ್ಲಿ ಅದು ಪೂರ್ತಿ ಹೋಗುವುದಿಲ್ಲ. ನೋವು ತಿಳಿಯುವುದು ಲಿವರ್‌ನ ಹೊರಪೊರೆಗೆ. ಒಳಗೆ ಸಣ್ಣ ಅಡಿಕೆಯಷ್ಟು ಗಡ್ಡೆ ಬೆಳೆದರೂ ಸುಳಿವೇ ಸಿಗದು. ಆ ಗಾತ್ರದಲ್ಲಿ ಸಿಕ್ಕರೆ ಸೂಜಿ ತೂರಿಸಿ ಸುಡಬಹುದು, ಕತ್ತರಿಸಿ ತೆಗೆಯಬಹುದು, ಲಿವರ್ ಕಸಿಯನ್ನೂ ಯೋಚಿಸಬಹುದು.

ಈ ತಪಾಸಣೆಗೆ ಪುರಾವೆ ಗಟ್ಟಿಯಾಗಿಲ್ಲ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. 2004ರಲ್ಲಿ ಪ್ರಕಟವಾದ ಶಾಂಘೈ ಅಧ್ಯಯನದಲ್ಲಿ ತಪಾಸಣೆಯ ಗುಂಪಿನಲ್ಲಿ ಲಿವರ್ ಕ್ಯಾನ್ಸರ್ ಸಾವು ಶೇ 37ರಷ್ಟು ಕಡಿಮೆಯಾಯಿತು. ಆದರೆ ಅವರು ಹೆಪಟೈಟಿಸ್ ಬಿ ಸೋಂಕಿನ ಹಿನ್ನೆಲೆಯವರು, ಎಲ್ಲರಿಗೂ ಸಿರೋಸಿಸ್ ಇರಲಿಲ್ಲ. ಸಿರೋಸಿಸ್‌ನವರ ಬಗ್ಗೆ ಇರುವುದು ಹೆಚ್ಚಾಗಿ ವೀಕ್ಷಣಾ ಅಧ್ಯಯನಗಳು. ಅವು ಒಂದೇ ದಿಕ್ಕು ತೋರಿಸುತ್ತವೆ: ತಪಾಸಣೆಯಲ್ಲಿದ್ದವರ ಗಡ್ಡೆ ಬೇಗ ಸಿಗುತ್ತದೆ, ಅವರು ಹೆಚ್ಚು ಕಾಲ ಬದುಕುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಕೆಲವು ಗಡ್ಡೆಗಳು ತಪ್ಪಿಹೋಗುತ್ತವೆ, ಬೊಜ್ಜಿನ ಹೊಟ್ಟೆಯಲ್ಲಂತೂ ಇನ್ನೂ ಹೆಚ್ಚು. ಅದಕ್ಕೇ ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ ಮಾಡಿಸಿ. 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಟು ಹೊಸದಾಗಿ ಕಂಡರೆ ತಡಮಾಡದೆ ಸಿ.ಟಿ. ಇಲ್ಲವೇ ಎಂಆರ್‌ಐ ಆಗಬೇಕು.