ದೋಣಿಗೂ ಟಿಲ್ಲರಿಗೂ ಒಂದೇ ಕೊಟ್ಟಿಗೆ

ಅಘನಾಶಿನಿ, ಗಂಗಾವಳಿ, ಶರಾವತಿ ನದಿಗಳ ಅಳಿವೆಯಲ್ಲಿ ಗಜನಿ ಗದ್ದೆ ಮಾಡುವ ರೈತರಿಗೆ ದೋಣಿಯೆಂದರೆ ಬಯಲುಸೀಮೆಯವರ ಎತ್ತಿನ ಗಾಡಿಯಿದ್ದಂತೆ. ಬಿತ್ತನೆಯ ಬೀಜ ಹೋಗುವುದು ಅದರಲ್ಲಿ, ನೀರಲ್ಲಿ ನಿಂತು ಕೊಯ್ದ ಕಗ್ಗದ ತೆನೆ ಮನೆಗೆ ಬರುವುದು ಅದರಲ್ಲಿ. ಗದ್ದೆಯ ಕೆಲಸ ಮುಗಿದ ಮೇಲೆ ಸಿಗಡಿಗೆ, ಬಳಚಿಗೆ ಹೋಗುವುದೂ ಅದರಲ್ಲೇ. ಹಿಂದೆ ಮರದ ಪಾತಿ ದೋಣಿಯನ್ನು ತೆಂಗಿನ ಬುಡದಲ್ಲಿ ಮಗುಚಿ ಹಾಕಿ, ಮೇಲೆ ನಾಲ್ಕು ಗರಿ ಹೊದಿಸಿದರೆ ಮುಗಿಯುತ್ತಿತ್ತು. ಈಗ ಫೈಬರ್ ದೋಣಿ ಬಂದಿದೆ, ಅದಕ್ಕೆ ಹಿಂದಿನಿಂದ ಕಟ್ಟುವ ಎಂಜಿನ್ ಬಂದಿದೆ, ಅಂಗಳದಲ್ಲಿ ಪವರ್ ಟಿಲ್ಲರ್ ನಿಂತಿದೆ. ಇಷ್ಟು ಹಣ ಹಾಕಿದ ಮೇಲೆ ಸೂರೂ ಬೇಕೆಂದು ಅನೇಕ ರೈತ ಬಾಂಧವರು ಮನೆಯ ಪಕ್ಕದಲ್ಲಿ ಕೊಟ್ಟಿಗೆ ಕಟ್ಟಿಸುತ್ತಿದ್ದಾರೆ. ಕಟ್ಟಿಸಿದ ಮೇಲೆ ಸಾಲದೆಂದು ತಿಳಿಯುತ್ತದೆ.

ನಾನು ಬೇಸಾಯಶಾಸ್ತ್ರದವನು, ಎಂಜಿನಿಯರ್ ಅಲ್ಲ. ತೊಲೆ ಎಷ್ಟು ದಪ್ಪವಿರಬೇಕೆಂಬುದನ್ನು ಊರಿನ ಮೇಸ್ತ್ರಿಯೇ ನನಗಿಂತ ಚೆನ್ನಾಗಿ ಹೇಳಿಯಾನು. ಆದರೆ ಕಗ್ಗ ಭತ್ತದ ಕೆಲಸಕ್ಕಾಗಿ ಈ ಭಾಗದ ಮನೆಗಳಿಗೆ ವರ್ಷಗಟ್ಟಲೆ ಹೋಗಿ ಬಂದಿದ್ದೇನೆ. ಕೊಟ್ಟಿಗೆಯ ತಪ್ಪು ಎಲ್ಲಿ ಆಗುತ್ತದೆ ಎಂಬುದನ್ನು ನೋಡಿದ್ದೇನೆ. ಬಹುಮಟ್ಟಿಗೆ ಅದು ಅಡಿಪಾಯ ತೋಡುವ ಮೊದಲೇ ಆಗಿಹೋಗಿರುತ್ತದೆ.

ಒಂದು ಮನೆಯ ಕಥೆ

2019ರ ಆಗಸ್ಟ್‌ನಲ್ಲಿ ನದಿಗಳು ಉಕ್ಕಿದಾಗ ಹೊಳೆದಂಡೆಯ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಾನು ಅಲ್ಲಿಗೆ ಹೋದದ್ದು ನೀರು ಇಳಿದ ಮೇಲೆ. ಯಜಮಾನರು ತಮ್ಮ ಕೊಟ್ಟಿಗೆಯನ್ನು ತೋರಿಸಿದರು. ದೋಣಿ 22 ಅಡಿ, ಕೊಟ್ಟಿಗೆ 8 ಅಡಿ ಅಗಲ. ಮೂರು ಕಡೆ ಚಿರೇಕಲ್ಲಿನ ಗೋಡೆ, ಮುಂದೆ ಹೊರಕ್ಕೆ ತೆರೆಯುವ ಕಬ್ಬಿಣದ ಬಾಗಿಲು. ಪಕ್ಕದಲ್ಲಿ ಸ್ಥಳವಿಲ್ಲದ್ದರಿಂದ ಟಿಲ್ಲರನ್ನು ಬಾಗಿಲಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದರು. ಒಣ ಜಾಗವೆಂದು ಭತ್ತದ ಚೀಲಗಳನ್ನು ದೋಣಿಯೊಳಗೇ ಪೇರಿಸಿದ್ದರು.

ನೀರು ಬಂದದ್ದು ರಾತ್ರಿ. ಮೊಣಕಾಲು ಮಟ್ಟಕ್ಕೆ ಬರುವಷ್ಟರಲ್ಲಿ ಬಾಗಿಲ ಮುಂದೆ ಹೂಳು, ತೇಲಿ ಬಂದ ತೆಂಗಿನ ಸಿಪ್ಪೆ, ಸೊಪ್ಪುಸದೆ ಒತ್ತಿಕೊಂಡಿತ್ತು. ಬಾಗಿಲು ಅರ್ಧ ತೆರೆಯಿತು. ಅದರ ಹಿಂದೆ ಟಿಲ್ಲರು, ನೀರಲ್ಲಿ ಮುಳುಗಿ ಸ್ಟಾರ್ಟ್ ಆಗಲೊಲ್ಲದು. ಅದರ ಹಿಂದೆ ದೋಣಿ, ಚೀಲಗಳ ಭಾರದಿಂದ ಟ್ರಾಲಿಯ ಮೇಲೇ ಕುಳಿತಿತ್ತು. ಮನೆಯ ಮುದುಕರನ್ನೂ ಮಕ್ಕಳನ್ನೂ ಕೊನೆಗೆ ದಾಟಿಸಿದ್ದು ನೆರೆಮನೆಯವರ ಹಳೆಯ ಪಾತಿ ದೋಣಿ. ತೆಂಗಿನ ಮರಕ್ಕೆ ಕಟ್ಟಿದ್ದ, ಸೂರಿಲ್ಲದ ದೋಣಿ. ಜನರಿಗೆ ಏನೂ ಆಗಲಿಲ್ಲ. ಬಿತ್ತಿದ್ದು ಕೊಳೆತರೆ ಮರುಬಿತ್ತನೆಗಿರಲೆಂದು ತೆಗೆದಿಟ್ಟ ಕಗ್ಗದ ಬೀಜ ಮಾತ್ರ ಮೂರು ಚೀಲ ಹೋಯಿತು. ಕಗ್ಗದ ಬೀಜ ಪೇಟೆಯ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮುಂದಿನ ವರ್ಷ ಅವರು ಬೇರೆ ಗಜನಿಯವರಲ್ಲಿ ಕೇಳಿ ತಂದು ಬಿತ್ತಿದರು.

ಆ ಕೊಟ್ಟಿಗೆ ಗಟ್ಟಿಯಾಗಿಯೇ ಇತ್ತು. ಒಂದು ಕಲ್ಲೂ ಅಲುಗಿರಲಿಲ್ಲ. ದೋಣಿಯನ್ನು ಒಳಗೆ ಇಡುವುದಕ್ಕೆ ಅಳತೆ ಮಾಡಿದ್ದರು, ಹೊರಗೆ ತೆಗೆಯುವುದಕ್ಕೆ ಮಾಡಿರಲಿಲ್ಲ.

ಅಳತೆ ಹೇಗೆ?

ದೋಣಿ ಕೊಂಡಾಗ ಅಂಗಡಿಯವರು ಹೇಳಿದ ಉದ್ದವನ್ನು ನಂಬಬೇಡಿರಿ. ಅದು ಬರಿಯ ಹೊಟ್ಟೆಯ ಉದ್ದ. ಟೇಪು ಹಿಡಿದು ನೀವೇ ಅಳೆಯಿರಿ. ಮೇಲೆ ಹೇಳಿದ 22 ಅಡಿಯ ದೋಣಿಯನ್ನೇ ತೆಗೆದುಕೊಳ್ಳೋಣ. ಎಂಜಿನ್ನನ್ನು ಎತ್ತಿ ಕಟ್ಟಿದಾಗ ಅದು ಹಿಂದಕ್ಕೆ ಸುಮಾರು 2 ಅಡಿ ಚಾಚುತ್ತದೆ. ಮುಂದೆ ಟ್ರಾಲಿಯ ಮೂತಿ 4 ಅಡಿ. ಅಲ್ಲಿಗೆ 28 ಅಡಿಯಾಯಿತು. ಹಿಂದೆ ಮುಂದೆ ಮನುಷ್ಯ ಸುತ್ತಿ ಬರಲು ಎರಡೆರಡು ಅಡಿ ಬಿಟ್ಟರೆ 32 ಅಡಿ. ಅಗಲವೂ ಹೀಗೆಯೇ. ದೋಣಿ 5 ಅಡಿ ಇದ್ದರೂ ಟ್ರಾಲಿಯ ಗಾಲಿಗಳ ಹೊರಮೈ 6 ಅಡಿಗೆ ಬರುತ್ತದೆ. ಎರಡೂ ಬದಿಗೆ ಎರಡೂವರೆ ಅಡಿ ಬಿಡಿ, 11 ಅಡಿ. ಟಿಲ್ಲರಿಗೆ 3 ಅಡಿ, ಅದರ ಆಚೆ ನಡೆಯಲು 2 ಅಡಿ. ಒಟ್ಟು 16 ಅಡಿ. ಇದು ಗೋಡೆಯ ಒಳ ಅಳತೆ ಎಂಬುದನ್ನು ಮೇಸ್ತ್ರಿಗೆ ಎರಡು ಸಲ ಹೇಳಿರಿ. ಹೊರ ಅಳತೆ ಎಂದುಕೊಂಡರೆ ಗೋಡೆಯ ದಪ್ಪಕ್ಕೇ ಒಂದೂವರೆ ಎರಡು ಅಡಿ ಹೋಗುತ್ತದೆ.

ಬಾಗಿಲಿನ ಎತ್ತರದಲ್ಲಿ ಬಹಳ ಜನ ಎಡವುತ್ತಾರೆ. ಟ್ರಾಲಿಯ ಹಾಸು 2 ಅಡಿ, ದೋಣಿಯ ಹಿಂಬದಿ 2 ಅಡಿ, ಅದರ ಮೇಲೆ ಎಂಜಿನ್ನಿನ ತಲೆ 2 ಅಡಿ. ಆರಡಿ ಆಯಿತು, ಏಳಡಿಯ ಬಾಗಿಲು ಧಾರಾಳ ಎನಿಸುತ್ತದೆ. ಆದರೆ ಕೊಟ್ಟಿಗೆಯ ನೆಲ ಅಂಗಳಕ್ಕಿಂತ ಎತ್ತರದಲ್ಲಿರುತ್ತದೆ, ಇಳಿಜಾರು ಹತ್ತಿಸಬೇಕು. ಗಾಲಿ ಇಳಿಜಾರಿನಲ್ಲಿರುವಾಗ ಅದರ ಆಚೆಗೆ ಚಾಚಿದ ಭಾಗ ಗಾಳಿಯಲ್ಲಿ ಮೇಲೇಳುತ್ತದೆ. 8 ಅಡಿಗೆ 1 ಅಡಿ ಏರುವ ಇಳಿಜಾರಿದ್ದು, ಗಾಲಿಯಿಂದ ದೋಣಿಯ ತುದಿ 8 ಅಡಿ ಆಚೆಗಿದ್ದರೆ, ಆ ತುದಿ ಒಂದು ಅಡಿ ಹೆಚ್ಚು ಎತ್ತರಕ್ಕೆ ಹೋಗುತ್ತದೆ. ಏಳಡಿಯ ತೊಲೆಗೆ ಎಂಜಿನ್ನಿನ ತಲೆ ಬಡಿಯುವುದು ಹೀಗೆ. 8 ಅಡಿ ಎತ್ತರ ಬಿಡಿರಿ. ಇಳಿಜಾರನ್ನು ಕಡಿದು ಮಾಡುವುದಕ್ಕಿಂತ ಉದ್ದವಾಗಿ, ಮೆಲ್ಲಗೆ ಏರುವಂತೆ ಮಾಡಿದರೆ ಟಿಲ್ಲರಿಗೂ ಹಗುರ.

ಇಷ್ಟು ಲೆಕ್ಕ ಹಾಕಿದ ಮೇಲೂ ಅಡಿಪಾಯ ತೋಡಬೇಡಿರಿ. ಅಂಗಳದಲ್ಲಿ ಹಗ್ಗ ಹಿಡಿದು ಸುಣ್ಣದ ಪುಡಿಯಿಂದ ಕೊಟ್ಟಿಗೆಯ ಗೆರೆ ಎಳೆಯಿರಿ. ಬಾಗಿಲು ಬರುವಲ್ಲಿ ಎರಡು ಗಳ ನೆಟ್ಟು, 8 ಅಡಿ ಎತ್ತರದಲ್ಲಿ ಅಡ್ಡ ಹಗ್ಗ ಕಟ್ಟಿರಿ. ದೋಣಿಯನ್ನು ಟ್ರಾಲಿಗೆ ಏರಿಸಿ, ಟಿಲ್ಲರಿಗೆ ಹೂಡಿ, ಗೆರೆಯ ಒಳಗೆ ಹಿಮ್ಮುಖವಾಗಿ ಬಿಟ್ಟು ನೋಡಿರಿ. ಒಮ್ಮೆ ಹಗಲಲ್ಲಿ, ಒಮ್ಮೆ ರಾತ್ರಿ ಟಾರ್ಚಿನ ಬೆಳಕಿನಲ್ಲಿ. ಗೆರೆ ಅಳಿಸಿ ಬೇರೆ ಗೆರೆ ಎಳೆಯಲು ಖರ್ಚಿಲ್ಲ. ನಾನು ಹೇಳಿದ ಅಂಕಿಗಳು ನಿಮ್ಮ ದೋಣಿಗೆ ಹೊಂದದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎದುರಿನ ಅಂಗಳವನ್ನು ಮರೆಯುವವರೂ ಇದ್ದಾರೆ. ಟಿಲ್ಲರು, ಟ್ರಾಲಿ, ದೋಣಿ ಸೇರಿ ಸುಮಾರು 35 ಅಡಿಯ ಗಾಡಿಯಾಗುತ್ತದೆ. ಬಾಗಿಲಿನ ಮುಂದೆ ಅಷ್ಟಾದರೂ ನೇರ ಜಾಗ ಬೇಕು. ಅದಕ್ಕಾಗಿ ಫಲ ಕೊಡುವ ತೆಂಗು ಕಡಿಯುವುದು ನನಗೆ ಸಮ್ಮತವಿಲ್ಲ. ತೆಂಗನ್ನು 25 ಅಡಿ ಅಂತರದಲ್ಲಿ ನೆಟ್ಟಿದ್ದರೆ ಎರಡು ಸಾಲುಗಳ ನಡುವೆಯೇ ದೋಣಿಯ ದಾರಿ ಸಿಗುತ್ತದೆ. ಬುಡದಿಂದ 6 ಅಡಿಯೊಳಗೆ ಗಾಲಿ ಹಾಯದಂತೆ ನೋಡಿಕೊಳ್ಳಿರಿ. ತೆಂಗಿನ ಆಹಾರದ ಬೇರುಗಳು ಹೆಚ್ಚಾಗಿ ಇರುವುದು ಅಲ್ಲಿಯೇ, ಮಣ್ಣು ಗಟ್ಟಿಯಾದರೆ ಅವಕ್ಕೆ ಉಸಿರಿಲ್ಲ. ಅಡಿಕೆ ತೋಟದ 9 ಅಡಿಯ ಸಾಲಿನಲ್ಲಿ ಈ ಆಸೆ ಬೇಡ. ಕೊಟ್ಟಿಗೆಯ ಸೂರು ತೆಂಗಿನ ತಲೆಯ ಕೆಳಗೆ ಬರಬಾರದೆಂದು ಬೇರೆ ಹೇಳಬೇಕಿಲ್ಲ. ಒಂದು ಕಾಯಿಗೆ ನಾಲ್ಕು ಹಂಚು.

ಜಾಗ, ನೆಲ, ಬಾಗಿಲು

ನಿಮ್ಮ ಮನೆಯ ಗೋಡೆಯ ಮೇಲೆ ದೊಡ್ಡ ನೆರೆಯ ಗುರುತು ಇದ್ದೇ ಇರುತ್ತದೆ. ಕೊಟ್ಟಿಗೆಯ ನೆಲ ಅದಕ್ಕಿಂತ ಮೇಲಿದ್ದರೆ ಉತ್ತಮ. ಹಾಗೆ ಎತ್ತರಿಸಲು ಆಗದ ಮನೆಗಳೇ ಹೆಚ್ಚು. ಅಂಥಲ್ಲಿ ನೀರು ಬರುತ್ತದೆ ಎಂದೇ ತಿಳಿದು ಕಟ್ಟಿರಿ: ನಾಲ್ಕೂ ಕಡೆ ಗೋಡೆ ಬೇಡ, ಕಂಬಗಳ ಮೇಲೆ ಸೂರು, ಮಳೆ ಹೊಡೆಯುವ ಪಡುವಣ ಮತ್ತು ತೆಂಕಣ ಬದಿಗೆ ಮಾತ್ರ ಗೋಡೆ. ಉಳಿದ ಕಡೆ ಮಳೆಗಾಲದಲ್ಲಿ ತೆಂಗಿನ ಗರಿಯ ತಟ್ಟಿ ಸಾಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸಿನ ಮಳೆ ನೈರುತ್ಯದ ಗಾಳಿಯೊಂದಿಗೆ ಬರುತ್ತದೆ. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ, ಸೂರು ಮೂರು ಅಡಿ ಹೊರಚಾಚಲಿ. ಹೊಳೆ ಪಶ್ಚಿಮಕ್ಕಿದ್ದರೆ ಉತ್ತರದ ಬಾಗಿಲೇ ಸರಿ.

ಮುಂಭಾಗದ 16 ಅಡಿಯೂ ತೆರೆದಿರಲಿ, ನಡುಗಂಬ ಬೇಡ. ಮೇಲಿನ ತೊಲೆಗೆ ಸ್ವಲ್ಪ ಹೆಚ್ಚು ಖರ್ಚಾದೀತು. ಉಳಿತಾಯ ಮಾಡಬಾರದ ಜಾಗ ಇದೊಂದೇ. ಉರುಳುವ ಶಟರು ಉಪ್ಪುಗಾಳಿಗೆ ತುಕ್ಕು ಹಿಡಿದು, ಹೂಳು ಸೇರಿ, ಬೇಕಾದ ದಿನವೇ ಮುಷ್ಕರ ಹೂಡುತ್ತದೆ. ತೋಟಕ್ಕೆ ಹಾಕುವ ದಣಪೆಯೇ ಇಲ್ಲಿಗೂ ಹೇಳಿ ಮಾಡಿಸಿದ್ದು. ಗಳ ಸರಿಸಿದರೆ ದಾರಿ. ನೀರು ಬಂದರೂ ಬಿದಿರು ತೇಲುತ್ತದೆಯೇ ಹೊರತು ತಡೆಯುವುದಿಲ್ಲ. ಕಳ್ಳರ ಭಯವಿದ್ದರೆ ಎಂಜಿನ್ ಬಿಚ್ಚಿ ಮನೆಯೊಳಗೆ ಇಡಿರಿ.

ಫೈಬರ್ ದೋಣಿಗೆ ಕಾಂಕ್ರೀಟು ನೆಲ ಆದೀತು, 10 ಅಡಿಗೆ 2 ಅಂಗುಲದಷ್ಟು ಇಳಿಜಾರು ಬಾಗಿಲ ಕಡೆಗೆ ಇರಲಿ. ಮರದ ದೋಣಿಗೆ ಮರಳಿನ ನೆಲವೇ ಬೇಕು. ಬೇಸಿಗೆಯಲ್ಲಿ ಮರ ಅತಿಯಾಗಿ ಒಣಗಿದರೆ ಬಿರಿಯುತ್ತದೆ. ಮರಳಿಗೆ ಆಗಾಗ ನೀರು ಚಿಮುಕಿಸಿ, ಮೇಲೆ ಒದ್ದೆ ಗೋಣಿ ಹಾಕುವ ಹಿರಿಯರ ಕ್ರಮ ಸರಿಯಾದದ್ದು. ಯಾವ ದೋಣಿಯೇ ಆಗಲಿ, ಟ್ರಾಲಿಯ ಎರಡು ಅಡ್ಡಪಟ್ಟಿಗಳ ಮೇಲೆ ತಿಂಗಳುಗಟ್ಟಲೆ ನಿಂತರೆ ಹೊಟ್ಟೆ ಬಾಗುತ್ತದೆ. ಮೂರು ಕಡೆ ಹಳೆಯ ಟಯರಿನ ಆಧಾರ ಕೊಡಿರಿ. ಅಡಿಯ ಬೂಚು ತೆಗೆದಿಡಿರಿ. ಸೂರು ಸೋರಿ ದೋಣಿಯಲ್ಲಿ 40 ಘನ ಅಡಿ ನೀರು ನಿಂತರೆ, ಘನ ಅಡಿಗೆ 28 ಕಿಲೋದಂತೆ, ಒಂದು ಟನ್ನಿಗೂ ಮೀರಿದ ಭಾರ ಆ ತೆಳ್ಳಗಿನ ಹೊಟ್ಟೆಯ ಮೇಲೆ ಬಿದ್ದಂತೆ.

ಜೊತೆಗೆ ಏನಿಡಬಾರದು

ಖಾಲಿ ಜಾಗ ಕಂಡರೆ ನಮಗೆ ಏನಾದರೂ ತುಂಬುವ ಚಪಲ. ಪೊಟ್ಯಾಷ್, ಯೂರಿಯಾ ಚೀಲಗಳನ್ನು ಎಂಜಿನ್ನಿನ ಬಳಿ ಇಡಬೇಡಿರಿ. ಅವು ಗಾಳಿಯ ತೇವ ಹೀರಿ ನೀರೊಡೆಯುತ್ತವೆ, ಆ ನೀರು ಲೋಹವನ್ನು ತಿನ್ನುತ್ತದೆ. ಉಪ್ಪುನೀರಿನಿಂದ ಬಂದ ಎಂಜಿನ್ನಿನೊಳಗೆ ಸಿಹಿನೀರು ಹಾಯಿಸಿ ತೊಳೆಯಲು ಹೊರಗೊಂದು ನಲ್ಲಿ ಇರಲಿ.

ಬೀಜವನ್ನಂತೂ ಇಲ್ಲಿ ಇಡಲೇಬಾರದು. ಭತ್ತದ ಬೀಜದ ತೇವಾಂಶ ಶೇಕಡಾ 12–13ಕ್ಕೆ ಮೀರದಂತೆ ಕಾಯಬೇಕು. ತೆರೆದ, ಒದ್ದೆ ಕೊಟ್ಟಿಗೆಯಲ್ಲಿ ಅದು ಆಗದ ಮಾತು. ಬೀಜದ ಜಾಗ ಮನೆಯ ಅಟ್ಟ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲದಲ್ಲಿ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಸೂರಿನ ಬಳಿ ಎಷ್ಟು ಕಿಂಡಿ ಬಿಟ್ಟರೂ ಇದಕ್ಕೆ ಉಪಯೋಗವಿಲ್ಲ. ಗೋಡೆಯಿರುವ ಕಡೆ ನೆಲಮಟ್ಟದಲ್ಲಿಯೇ ಜಾಲಂಧ್ರ ಇರಬೇಕು, ಎದುರು ಬದಿ ತೆರೆದಿರಬೇಕು. ಭತ್ತ ಬೇಯಿಸುವ ಒಲೆ, ಬಚ್ಚಲಿನ ಒಲೆ ಈ ಗೋಡೆಗೆ ತಾಗಿರಕೂಡದು. ದನದ ಕೊಟ್ಟಿಗೆಯೂ ಬೇರೆಯೇ ಇರಲಿ. ಬೆಂಕಿ ಬಿದ್ದರೆ ಕಟ್ಟಿದ ದನ ಓಡಲಾರದು. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿ ನೋಡುವ ಅಭ್ಯಾಸವನ್ನು ಬಿಡಿರಿ, ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ.

ಕಾಗದಪತ್ರದ ಮಾತು ಒಂದೇ. ಉಬ್ಬರದ ನೀರು ಬರುವ ಹೊಳೆಗಳ ದಂಡೆಗೂ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ಇವು 1991ರಲ್ಲಿ ಬಂದವು, 2011ರಲ್ಲಿ ಮತ್ತು 2019ರಲ್ಲಿ ಬದಲಾದವು. ಕಲ್ಲು ತರಿಸುವ ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿರಿ.

ಕಟ್ಟುವ ಹಗ್ಗ

ದೋಣಿಯ ಮೂತಿ ಬಾಗಿಲ ಕಡೆಗಿರಲಿ. ಹಿಮ್ಮುಖವಾಗಿ ಬಿಟ್ಟರೆ ತಾನಾಗಿಯೇ ಹಾಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಅದನ್ನು ಟ್ರಾಲಿಗೆ ಬಿಗಿಯಾಗಿ ಬಿಗಿಯಬೇಡಿರಿ. ನೀರು ಏರಿದರೆ ಟ್ರಾಲಿ ದೋಣಿಯನ್ನು ಕೆಳಕ್ಕೆ ಹಿಡಿದಿಡುತ್ತದೆ. ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಿರಿ. ಕಂಬಕ್ಕೆ ಕಟ್ಟುವ ಹಗ್ಗವನ್ನು ಎದೆಯೆತ್ತರದಲ್ಲಿ, ಸಡಿಲವಾಗಿ ಕಟ್ಟಿರಿ. ನೆಲದ ಬಳಿ ಗಿಡ್ಡ ಹಗ್ಗದಿಂದ ಕಟ್ಟಿದರೆ ಗಂಟು ನೀರಿನ ಅಡಿಗೆ ಹೋಗುತ್ತದೆ, ದೋಣಿ ಮೂಗು ತಗ್ಗಿಸಿ ನೀರು ಕುಡಿಯುತ್ತದೆ. ಹುಟ್ಟು, ನೀರು ಹೊಯ್ಯುವ ಡಬ್ಬ, ಟಾರ್ಚು ದೋಣಿಯೊಳಗೇ ಇರಲಿ. ಬೇರೇನೂ ಬೇಡ.

ಕೆಲಸಕ್ಕೆ ಸರಿಯಾದ ಕಾಲ ಕಗ್ಗದ ಕೊಯ್ಲು ಮುಗಿದ ಮೇಲೆ, ಅಂದರೆ ನವೆಂಬರಿನ ನಂತರ. ಚಿರೇಕಲ್ಲಿನ ಕೆಲಸ ಫೆಬ್ರವರಿಯೊಳಗೆ ಮುಗಿದು, ಹಂಚು ಹೊದಿಸುವುದು ಏಪ್ರಿಲ್ ದಾಟದಿರಲಿ. ಮೇ ತಿಂಗಳ ಕೊನೆಗೆ ಒಂದು ಸಂಜೆ, ದೀಪ ಆರಿಸಿ, ಮನೆಯ ಇಬ್ಬರು ಟಿಲ್ಲರಿನ ಸಹಾಯವಿಲ್ಲದೆ ದಣಪೆ ಸರಿಸಿ ದೋಣಿಯನ್ನು ಅಂಗಳಕ್ಕೆ ತಂದು ನೋಡಿರಿ. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಎಲ್ಲಿ ತಡೆಯಿತೆಂದು ಗುರುತು ಹಾಕಿಕೊಂಡು, ಮೊದಲ ಮಳೆಗೆ ಮುಂಚೆ ಅದನ್ನು ಸರಿಪಡಿಸಿರಿ.