ಕರುಣೆಯ ಪಾಲು

ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವನ್ನೇರಲು ಧರ್ಮರಾಯನು ಒಪ್ಪಲಿಲ್ಲವೆಂಬ ಕಥೆ ಮಹಾಭಾರತದಲ್ಲಿದೆ. ಆ ಕಥೆಯನ್ನು ನಾನು ಮೂವತ್ತು ವರ್ಷ ಬೋಧಿಸಿದೆನು. ಅದರ ಅರ್ಥವು ತಿಳಿದದ್ದು ನಿವೃತ್ತನಾದ ಮೇಲೆ.

ಒಂದು ಸಂಜೆ ನಮ್ಮ ಬೀದಿಯಲ್ಲಿ ವಾಹನವೊಂದು ನಾಯಿಯ ಕಾಲಿನ ಮೇಲೆ ಹರಿಯಿತು. ಕಂಡವರೆಲ್ಲ "ಅಯ್ಯೋ ಪಾಪ" ಎಂದರು, ನಾನೂ ಎಂದೆನು. ನೆರೆಮನೆಯ ಕಾಲೇಜು ಹುಡುಗಿಯೊಬ್ಬಳು ಮಾತ್ರ, ನೋವಿನಿಂದ ಕಚ್ಚೀತೆಂದು ಅದರ ಮೂತಿಗೆ ಬಟ್ಟೆ ಕಟ್ಟಿ, ಗೋಣಿಚೀಲದ ಮೇಲೆ ಮಲಗಿಸಿ ಪಶುವೈದ್ಯರಲ್ಲಿಗೆ ಒಯ್ದಳು. ಮುರಿದ ಮೂಳೆಗೆ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಮರುದಿನ ಅವಳು ಪುಸ್ತಕ ಹಿಡಿದು ಮನೆಮನೆಗೂ ಬಂದಳು. "ಮೇಷ್ಟ್ರೇ, ನಿಮ್ಮ ಪಾಲು ಎಷ್ಟೆಂದು ಬರೆದುಕೊಳ್ಳಲಿ?" ಎಂದಾಗ ನಾನು ತಲೆತಗ್ಗಿಸಿದೆನು.

ಶಸ್ತ್ರಚಿಕಿತ್ಸೆ, ಔಷಧ, ವಾರಗಟ್ಟಲೆ ಆರೈಕೆ, ರೇಬೀಸ್ ಲಸಿಕೆ – ಇವು ಒಂದು ಕೈಗೆ ಭಾರ, ಹತ್ತು ಕೈಗೆ ಹಗುರ. ಲಸಿಕೆ ಪಡೆದ ನಾಯಿಯಿಂದ ಬೀದಿಯ ಮಕ್ಕಳಿಗೂ ರಕ್ಷೆ. ಪ್ರಾಣಿಗಳನ್ನು ಹಿಂಸಿಸಬಾರದೆಂದು 1960ರ ಕಾಯಿದೆ ವಿಧಿಸುತ್ತದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 51-ಎ ವಿಧಿಯಾದರೋ ಇನ್ನೊಂದು ಹೆಜ್ಜೆ ಮುಂದಿಟ್ಟು, ಜೀವಿಗಳಲ್ಲಿ ದಯೆ ತೋರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆನ್ನುತ್ತದೆ.

ಆ ನಾಯಿ ಇಂದು ತುಸು ಕುಂಟುತ್ತ ನಮ್ಮ ಬೀದಿಯನ್ನು ಕಾಯುತ್ತಿದೆ. ಧರ್ಮರಾಯನು ನಾಯಿಗಾಗಿ ಬರಿದೆ ಮರುಗಲಿಲ್ಲ, ಸ್ವರ್ಗವನ್ನೇ ಬಿಡಲು ಸಿದ್ಧನಾದನೆಂಬುದು ಅದನ್ನು ಕಂಡಾಗಲೆಲ್ಲ ನೆನಪಾಗುತ್ತದೆ.